ಪಾಯಪ್ಪ ಕಾಕಾ ಕೈಕಟ್ಟಿ ನಿಂತ ದಿನ

ಚಾಲೂ ಇರುವ ಯಂತ್ರದ ವಾಯರನ್ನು ಗೋಡೆಯಿಂದ ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡೇ ಗಡಿಯಾರ ನೋಡುತ್ತ ನಿಲ್ಲುವ ಮನುಷ್ಯರನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಬೆಳಗಾವಿಯಿಂದ ಬಂದ ಕಂಪನಿಯವರು ಹೊಸ ಯುಪಿಎಸ್ ಕೂಡಿಸಿ, ಬೆವರು ಒರೆಸಿಕೊಂಡು, "ಇಲ್ಲೊಂದ ಸಹಿ ಹಾಕ್ರಿ ಸರ್" ಎಂದು ಕಾಗದ ಮುಂದೆ ಹಿಡಿದರೆ ಪಾಯಪ್ಪ ಕಾಕಾ ಆ ಕಾಗದದ ಕಡೆ ನೋಡುತ್ತಲೇ ಇರಲಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ ಪ್ಲಗ್ಗು ಎಳೆದುಬಿಡುತ್ತಿದ್ದರು. ಕಂಪನಿಯವರು ಎದೆ ಹಿಡಿದುಕೊಂಡು ಚೀರಿದ್ದೂ ಉಂಟು. ಯಂತ್ರ ಆರದೆ ಉಳಿದರೆ ಸಹಿ. ಆರಿದರೆ ಅವರಿಗೆ ಕ್ಯಾಂಟೀನಿನಲ್ಲಿ ಊಟ ಹಾಕಿಸಿ, ಮತ್ತೆ ಮೊದಲಿನಿಂದ ಕೆಲಸಕ್ಕೆ ಹಚ್ಚುತ್ತಿದ್ದರು.

"ಎಳದ ನೋಡಲಾರದ್ದನ್ನ ಐತಿ ಅನಬಾರದ್ರಿ," ಎನ್ನುತ್ತಿದ್ದರು.

ಇದು ಯಂತ್ರಗಳಿಗಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನನ್ನನ್ನೂ ಅವರು ಹೀಗೇ ಎಳೆದು ನೋಡುತ್ತಿದ್ದರು. ತಿಂಗಳಿಗೆ ಒಂದು ದಿನ, ಹೇಳದೆ ಕೇಳದೆ, ಕೆಲಸಕ್ಕೆ ಬರುತ್ತಿರಲಿಲ್ಲ. ನಾನು ಒಬ್ಬಳೇ ಫೋನು, ಪ್ರಿಂಟರು, ಕಬ್ಬು ತೂಗುವ ಕಾಟಾದವರ ಕೂಗಾಟ ಎಲ್ಲವನ್ನೂ ಸಂಭಾಳಿಸಿ ಹೈರಾಣಾಗಿರುವಾಗ ಸಂಜೆ ಐದಕ್ಕೆ ತಣ್ಣಗೆ ಒಳಗೆ ಬಂದು, "ಇವತ್ತ ನಾ ಇರಲಿಲ್ಲ. ಏನರ ನಿಂತ್ವೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದರು. ಇಡೀ ದಿನ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಪೇಪರು ಓದುತ್ತ ಕುಳಿತಿದ್ದರೆಂದು ಆಮೇಲೆ ಗೊತ್ತಾಗುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಅದೊಂದು ಸಕ್ಕರೆ ಕಾರ್ಖಾನೆ. ಹೆಸರು ಬೇಡ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಇಂಜಿನಿಯರಿಂಗ್ ಮುಗಿಸಿ, ಮದುವೆಯಾಗಿ ಹುಕ್ಕೇರಿಗೆ ಬಂದ ಮೇಲೆ ನಾನು ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ಸೇರಿದೆ. ವಿಭಾಗವೆಂದರೆ ಒಂದು ಎಸಿ ಕೋಣೆ, ಮೂರು ಸರ್ವರು, ನಾವಿಬ್ಬರು. ಕಾಕಾ ಕುಲಗೋಡದ ಜೈನ ರೈತರ ಮನೆಯವರು. ಟೈಪಿಸ್ಟಾಗಿ ಸೇರಿ, ತೊಂಬತ್ತರ ದಶಕದಲ್ಲಿ ಕಾರ್ಖಾನೆಗೆ ಮೊದಲ ಕಂಪ್ಯೂಟರು ಬಂದಾಗ ಉಳಿದವರೆಲ್ಲ ಅದನ್ನು ಮುಟ್ಟಲು ಹೆದರಿದ್ದರಿಂದ, ತಾವೇ ಮುಟ್ಟಿ, ಕೆಡಿಸಿ, ಬಿಚ್ಚಿ ಕಲಿತವರು. ಬಿಳಿ ಅರ್ಧ ತೋಳಿನ ಅಂಗಿ, ಬಟ್ಟೆಯ ಬೂಟು, ಬಟ್ಟೆಯದೇ ಬೆಲ್ಟು. ತೊಗಲು ಮೈಗೆ ತಾಗಿಸುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ಉಣ್ಣಬೇಕಾದ್ದರಿಂದ ಐದೂವರೆಗೆ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ ಮುಗಿಸಿಬಿಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ನನ್ನನ್ನು 'ಅಕ್ಕಾರ' ಎಂದೇ ಕರೆದರು. ಒಮ್ಮೆಯೂ ಹೆಸರು ಹಿಡಿಯಲಿಲ್ಲ.

ಇರುವೆಯ ಕಥೆ ಹೇಳಲೇಬೇಕು. ಸಕ್ಕರೆ ಕಾರ್ಖಾನೆಯ ಗಾಳಿಯೇ ಸಿಹಿ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಕೀಬೋರ್ಡಿನಲ್ಲಿ, ಮೌಸಿನಲ್ಲಿ, ಪ್ರಿಂಟರಿನ ಹೊಟ್ಟೆಯಲ್ಲಿ ಇರುವೆಗಳ ಸಂಸಾರ. ನಾನು ಔಷಧ ಹೊಡೆಸೋಣವೆಂದರೆ ಕಾಕಾ ಕೇಳರು. ಯಂತ್ರವನ್ನು ಹೊತ್ತುಕೊಂಡು ವರಾಂಡಕ್ಕೆ ಹೋಗಿ, ಬಿಚ್ಚಿ ಬಿಸಿಲಿಗಿಟ್ಟು, ಪಕ್ಕದಲ್ಲಿ ಒಂದು ಕಾಗದದ ಮೇಲೆ ಚಿಟಿಕೆ ಸಕ್ಕರೆ ಹಾಕಿ, ಇರುವೆಗಳೆಲ್ಲ ಸಾಲುಗಟ್ಟಿ ಇಳಿದುಹೋಗುವ ತನಕ ಕುಕ್ಕರಗಾಲಲ್ಲಿ ಕುಳಿತಿರುತ್ತಿದ್ದರು. "ಅವಕ್ಕ ಏನ ಗೊತ್ತ್ರಿ ಇದು ಆಫೀಸ ಅಂತ?" ಎನ್ನುತ್ತಿದ್ದರು. ಕಾಟಾದ ಮೇಲೆ ನಿಂತ ಟ್ರ್ಯಾಕ್ಟರಿನವರು ಬೈಯುತ್ತಿದ್ದರೆ, ಕಾಕಾನ ಇರುವೆಗಳಿನ್ನೂ ಇಳಿದಿಲ್ಲವೆಂದು ನಾನು ಅವರಿಗೆ ಹೇಗೆ ಹೇಳಲಿ?

ಹಾಗಿದ್ದ ಮನುಷ್ಯ ಒಂದು ಎತ್ತು ಸಾಯುವುದನ್ನು ನೋಡಬೇಕಾಯಿತು. ನಾನು ಸೇರಿದ ಎರಡನೆಯ ಹಂಗಾಮಿನ ನಡುವೆ, ಟೋಕನ್ ಮತ್ತು ಕಾಟಾ ನಡೆಸುವ ಸರ್ವರಿನ ಡಿಸ್ಕು ಬೆಳಗ್ಗೆ ಎಂಟಕ್ಕೆ ಕೈಕೊಟ್ಟಿತು. ಟೋಕನ್ ಇಲ್ಲದೆ ಗಾಡಿ ಒಳಗೆ ಬರುವಂತಿಲ್ಲ, ತೂಕವಿಲ್ಲದೆ ಕಬ್ಬು ಇಳಿಸುವಂತಿಲ್ಲ. ಕೈಬರಹದ ಚೀಟಿ ಕೊಡೋಣವೆಂದರೆ ಯಾರು ಮುಂದೆ, ಯಾರು ಹಿಂದೆ ಎಂದು ಬಡಿದಾಟ. ಸಂಜೆಯ ತನಕ ಎತ್ತಿನ ಗಾಡಿಗಳು ರಸ್ತೆಗುಂಟ ಬಿಸಿಲಲ್ಲಿ ನಿಂತವು. ಸಾಲು ಬಿಟ್ಟರೆ ಪಾಳಿ ಹೋದೀತೆಂದು ಯಾರೂ ನೊಗ ಬಿಚ್ಚಲಿಲ್ಲ. ಮಧ್ಯಾಹ್ನ ಕಾಕಾ ನೀರಿನ ಕೊಡ ಹೊತ್ತುಕೊಂಡು ಸಾಲಿಗೆ ಹೋದರು. ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬಂದ ಒಬ್ಬನ ಗಾಡಿಯ ಎತ್ತು ಅವರ ಎದುರಿಗೇ ನೊಗ ಹೊತ್ತುಕೊಂಡು ಕುಸಿಯಿತಂತೆ. ಅದರ ಬಾಯಿಗೆ ನೀರು ಬಿಡಲು ನೋಡಿದರಂತೆ. ವಾಪಸು ಬಂದಾಗ ಅಂಗಿಯ ತುಂಬ ಅದರ ಜೊಲ್ಲು. ಆ ಎತ್ತಿನವನ ಜೊತೆ ಮರಾಠಿಯಲ್ಲಿ ಏನು ಮಾತಾಡಿದರೋ ಹೇಳಲಿಲ್ಲ. "ಡಿಸ್ಕ ಒಂದ ಇತ್ತು, ಎರಡ ಇರಬೇಕಿತ್ತು. ಅದು ನನ್ನ ಕೆಲಸ," ಎಂದು ಮ್ಯಾನೇಜರರ ಮುಂದೆ ಒಪ್ಪಿಕೊಂಡರು.

ಅಲ್ಲಿಂದ ಅವರಿಗೆ ಒಂದೇ ಹಟ. ಇನ್ನೆರಡು ಸರ್ವರು ಬೇಕು, ಸ್ಟ್ಯಾಂಡ್‌ಬೈ. ಚಾಲೂ ಇರುವ ಯಂತ್ರಕ್ಕೆ ಬಂದ ಪ್ರತಿ ಟೋಕನ್ನೂ ಪ್ರತಿ ತೂಕವೂ ನಿಮಿಷಗಳಲ್ಲಿ ಅವಕ್ಕೂ ಮುಟ್ಟಬೇಕು. ಮೊದಲನೆಯದು ಬಿದ್ದರೆ ಎರಡನೆಯದು ಅದರ ಹೆಸರು, ವಿಳಾಸ ತಗೊಂಡು ಅದರ ಜಾಗದಲ್ಲಿ ನಿಲ್ಲಬೇಕು. ಕಂಪನಿಯವರ ಪತ್ರದಲ್ಲಿ 'ಸರ್ವರ್ ಫಾರ್ಮ್' ಎಂದು ಬರೆದಿದ್ದನ್ನು ಕಂಡು ಒಬ್ಬ ಡೈರೆಕ್ಟರು, "ಫಾರ್ಮ ಎಷ್ಟ ಎಕರೇದ್ದು?" ಎಂದು ಸಭೆಯಲ್ಲಿ ಕೇಳಿದರು. ಕಾಕಾ ನಗಲಿಲ್ಲ. ಮೂರು ಸಭೆ ಬೆನ್ನು ಹತ್ತಿ ಮಂಜೂರು ಮಾಡಿಸಿಕೊಂಡರು.

ಯಂತ್ರಗಳು ಬಂದದ್ದು ಮರುವರ್ಷ, ಕಬ್ಬು ನುರಿಸುವುದು ಭರದಿಂದ ನಡೆದಿದ್ದಾಗ. ಹಂಗಾಮಿನಲ್ಲಿ ಕಾರ್ಖಾನೆ ನಿಲ್ಲುವುದು ಒಂದಕ್ಕೇ: ಕೆಲವು ವಾರಗಳಿಗೊಮ್ಮೆ ರಸ ಕಾಯಿಸುವ ಪಾತ್ರೆಗಳ ಒಳಗೆ ಕಟ್ಟಿದ ಕಿಟ್ಟ ತೆಗೆಯುವ ಕ್ಲೀನಿಂಗ್ ದಿನ. ಅಂದು ಗಾಣ ನಿಂತರೂ ಗಾಡಿಗಳು ಬರುವುದು ನಿಲ್ಲುವುದಿಲ್ಲ, ಟೋಕನ್ ಕೊಡುತ್ತಲೇ ಇರಬೇಕು. ಕೆಲಸವನ್ನು ಹಳೆಯ ಸರ್ವರಿನಿಂದ ಸ್ಟ್ಯಾಂಡ್‌ಬೈಗೆ ದಾಟಿಸಿ, ಮತ್ತೆ ಹಿಂದಕ್ಕೆ ತಂದು ನೋಡುವುದು ಆ ದಿನವೇ ಎಂದಾಯಿತು. ಅದರಿಂದ ಟೋಕನ್ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ಕಾಕಾ ಮ್ಯಾನೇಜರರಿಗೆ ಮಾತು ಕೊಟ್ಟಿದ್ದರು. ಅದಕ್ಕಾಗಿ ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದರು. ಪ್ರತಿ ಹೆಜ್ಜೆಯ ಕೆಳಗೆ, ಇದು ಆಗದಿದ್ದರೆ ಎಲ್ಲಿಗೆ ಹಿಂದಿರುಗಬೇಕು ಎಂಬುದನ್ನು ಕೆಂಪು ಶಾಯಿಯಲ್ಲಿ. ನನ್ನಿಂದ ಅದನ್ನು ನಾಲ್ಕು ಸಲ ಓದಿಸಿದರು. ಐದನೆಯ ಸಲ ಪುಸ್ತಕ ಮುಚ್ಚಿ ಬಾಯಿಂದ ಹೇಳಿಸಿದರು. ನಾನು ಒಂದೂ ತಪ್ಪಲಿಲ್ಲ.

ಕ್ಲೀನಿಂಗಿನ ಹಿಂದಿನ ದಿನ ಹನ್ನೊಂದು ಗಂಟೆಗೆ ಕುಲಗೋಡದಿಂದ ಅವರ ಅಣ್ಣನ ಫೋನು ಬಂತು.

ಅದು ಏನೆಂದು ನನಗೆ ತಕ್ಷಣ ಗೊತ್ತಾಯಿತು, ಏಕೆಂದರೆ ಹುಕ್ಕೇರಿಯ ಬಸ್ಸಿನಲ್ಲಿ ದಿನಾ ಒಟ್ಟಿಗೆ ಹೋಗಿಬರುವಾಗ ಅವರು ಮನೆಯ ಸಂಗತಿ ಚೂರುಚೂರಾಗಿ ಹೇಳಿದ್ದರು. ಅವರ ತಂಗಿ, ಕಾಕಾ ಎತ್ತಿ ಆಡಿಸಿದ ಕೂಸು, ಮದುವೆ ಒಲ್ಲೆನೆಂದು ಆರ್ಯಿಕಾ ದೀಕ್ಷೆ ತೆಗೆದುಕೊಂಡು ಸನ್ಯಾಸಿನಿಯಾಗಿದ್ದಳು. ತಾಯಿ ಒಪ್ಪಿದರು, ಕಾಕಾ ಒಪ್ಪಲಿಲ್ಲ. ದೀಕ್ಷೆಯ ದಿನ ತಂಗಿಯ ತಲೆಗೂದಲನ್ನು ಮುಷ್ಟಿ ಮುಷ್ಟಿಯಾಗಿ ಕೀಳುವುದನ್ನು ನೋಡಲಾರದೆ ಎದ್ದು ಬಂದವರು, ಬರುವಾಗ ಊರ ಮಂದಿಯ ಮುಂದೆ ತಾಯಿಗೆ, "ಇವತ್ತಿನಿಂದ ನೀ ನನ್ನ ಪಾಲಿಗೆ ಇಲ್ಲ" ಎಂದು ಅಂದುಬಿಟ್ಟಿದ್ದರು. ಆರು ವರ್ಷ ಆ ಹೊಸ್ತಿಲು ತುಳಿದಿರಲಿಲ್ಲ. ಈಗ ಎಂಬತ್ತು ದಾಟಿದ ಆ ತಾಯಿ ಸಲ್ಲೇಖನ ವ್ರತ ಹಿಡಿದಿದ್ದರು. ಅನ್ನ ಬಿಟ್ಟು, ಆಮೇಲೆ ಹಾಲು ಬಿಟ್ಟು, ಸಾವಿಗೆ ತಾವೇ ಎದುರಾಗಿ ಕುಳಿತುಕೊಳ್ಳುವ ವ್ರತ. ಅದರಲ್ಲಿ ಎಲ್ಲರ ಕ್ಷಮೆ ಕೇಳಬೇಕು, ಎಲ್ಲರನ್ನೂ ಕ್ಷಮಿಸಬೇಕು.

ಫೋನಿಟ್ಟು ಕಾಕಾ ಹೇಳಿದರು: "ಅವ್ವ ಇವತ್ತ ಮುಂಜಾನಿ ನೀರೂ ಬಿಟ್ಟಳಂತ್ರಿ. 'ಪಾಯಾ ಬಂದ್ನೇನು' ಅಂತ ಕೇಳಾಕತ್ತಾಳಂತ."

"ಹೋಗ್ರಿ ಕಾಕಾ," ಎಂದೆ. ಬಾಯಿಗೆ ಬಂದ ಮೊದಲ ಮಾತು ಅದೇ. ಅದನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳಲು ಬಹಳ ನೋಡಿದ್ದೇನೆ.

"ಹೋದ್ರ ನಾಳಿ ಹೊಳ್ಳಿ ಬರಾಕ ಆಗೂದಿಲ್ರಿ. ಆರ ವರ್ಷದ ಮ್ಯಾಲ ಹೋಗಿ, ನೀರ ಬಿಟ್ಟ ಕುಂತಾಕಿ ಮುಂದ, 'ಅವ್ವಾ, ಡ್ಯೂಟಿ ಐತಿ' ಅಂತ ಎದ್ದ ಬರ್ಲೇನು? ನಾಳಿಂದು ನೀವು ಮಾಡತೀರೇನ್ರಿ?"

ನಾನು ಮಾಡುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸಾಹೇಬರನ್ನು ಕೇಳೋಣ ಎಂದೆ. ಇಬ್ಬರೂ ಮ್ಯಾನೇಜರರ ಕೋಣೆಗೆ ಹೋದೆವು. ಅವರು ಕೆಟ್ಟ ಮನುಷ್ಯರಲ್ಲ. ಕಾಕಾನ ಮಾತೆಲ್ಲ ಕೇಳಿ ನನ್ನ ಕಡೆ ತಿರುಗಿದರು.

"ಏನ್ರಿ, ನೀವೊಬ್ರ ಮಾಡತೀರಿ?"

ಆ ಮಾರ್ಚಿಗೆ ನನ್ನ ನೌಕರಿ ಖಾಯಂ ಆಗುವುದಿತ್ತು. ಹಿಂದಿನ ವರ್ಷ ಎಲ್ಲ ನಿಂತಾಗ ಗಾಡಿ ನಿಲ್ಲುವ ಯಾರ್ಡಿನ ಮಂದಿ ಕಿಟಕಿಗೆ ಬಂದು ಬೈದದ್ದು ಕಿವಿಯಲ್ಲೇ ಇತ್ತು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಹೆಂಗಸಿನ ಕೈಗೆ ಕೊಟ್ಟದ್ದಕ್ಕೆ ಹೀಗಾಯಿತು ಎಂದೇ ಹೇಳುತ್ತಾರೆ ಎಂಬುದೂ ಗೊತ್ತಿತ್ತು. ನೋಟುಬುಕ್ಕಿನ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ನನಗೆ ಬಾಯಿಪಾಠವಿತ್ತು.

"ಕಾಕಾ ಇಲ್ಲದ ನನ್ನ ಕಡಿಂದ ಆಗೂದಿಲ್ರಿ ಸಾಹೇಬ್ರ," ಎಂದೆ.

ಕಾಕಾ ನನ್ನ ಮುಖ ನೋಡಿದರು. ಒಂದೇ ಸಲ ನೋಡಿದರು. ಮ್ಯಾನೇಜರರು, "ಒಂದ ದಿನದ್ದ ಪ್ರಶ್ನೆ ಪಾಯಪ್ಪ. ಇಂಥಾ ವ್ರತ ಎಂಟೆಂಟ ದಿನ ನಡದಾವು. ನಾಳಿ ಸಂಜಿಕ ಕೆಲಸ ಮುಗಿಸ್ರಿ, ನನ್ನ ಜೀಪ್ ತಗೊಂಡ ಹೋಗ್ರಿ," ಎಂದರು. ಕಾಕಾ ಆಗಲೆಂದು ತಲೆಯಾಡಿಸಿದರು.

ಮರುದಿನ ಬೆಳಗ್ಗೆ ಎಂಟಕ್ಕೆ ಗಾಣ ನಿಂತಿತು. ವಾರಗಟ್ಟಲೆ ಕಿವಿಯಲ್ಲಿ ತುಂಬಿದ್ದ ಸದ್ದು ನಿಂತಾಗ ಕೋಣೆಯಲ್ಲಿ ನಮ್ಮ ಉಸಿರೂ ಕೇಳುವಂತಾಯಿತು. ಕಾಕಾ ಕುರ್ಚಿಯನ್ನು ನನಗೆ ಬಿಟ್ಟು ನನ್ನ ಹಿಂದೆ ಗೋಡೆಗೆ ಒರಗಿ, ಎದೆಯ ಮೇಲೆ ಕೈಕಟ್ಟಿ ನಿಂತರು. "ಚಾಲೂ ಮಾಡ್ರಿ," ಎಂದರು.

ನಾನು ಮಾಡಿದೆ. ಹಳೆಯ ಸರ್ವರಿನಲ್ಲಿದ್ದದ್ದೆಲ್ಲ ಹೊಸದಕ್ಕೆ ಸರಿಯಾಗಿ ಮುಟ್ಟಿದೆಯೇ ನೋಡಿದೆ. ಟೋಕನ್ ಕಿಟಕಿಗೆ ಫೋನು ಮಾಡಿ ನಿಲ್ಲಿಸಿರೆಂದೆ. ಉಳಿದ ಕೊನೆಯ ಟೋಕನ್ನುಗಳನ್ನು ಆಚೆ ಕಳಿಸಿ, ಹಳೆಯದನ್ನು ಬಿಡಿಸಿ, ಅದರ ವಿಳಾಸವನ್ನು ಸ್ಟ್ಯಾಂಡ್‌ಬೈಗೆ ಕೊಟ್ಟೆ. ಒಂದು ಹಂತದಲ್ಲಿ ತೆರೆಯ ಮೇಲೆ ಕೆಂಪು ಅಕ್ಷರ ಬಂದಾಗ ಬೆನ್ನು ತಿರುಗಿಸಿ ಅವರನ್ನು ನೋಡಿದೆ. ಅವರು ಗೋಡೆಯಿಂದ ಕದಲಲಿಲ್ಲ. ಕೆಂಪು ಶಾಯಿಯ ಸಾಲು ನೆನಪಿಸಿಕೊಂಡು ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದೆ. ಈ ಸಲ ಕೂಡಿತು. ಕಿಟಕಿಯಿಂದ ಫೋನು ಬಂತು: "ಟೋಕನ್ ಬರಾಕತ್ತಾವ್ರಿ ಬಾಯಾರ!" ಮಧ್ಯಾಹ್ನ ಹಳೆಯ ಯಂತ್ರವನ್ನು ಸಜ್ಜುಗೊಳಿಸಿ ಮತ್ತೆ ಅದರ ಜಾಗಕ್ಕೆ ತಂದೆ. ಹೋಗುವಾಗ ನಾಲ್ಕು ನಿಮಿಷ, ಬರುವಾಗ ಮೂರು. ಇಡೀ ದಿನದಲ್ಲಿ ಟೋಕನ್ ನಿಂತದ್ದು ಏಳೇ ನಿಮಿಷ. ರಸ್ತೆಯಲ್ಲಿ ನಿಂತ ಒಬ್ಬ ಗಾಡಿಯವನಿಗೂ ಏನಾಯಿತೆಂದು ಗೊತ್ತಾಗಲಿಲ್ಲ.

ಬೆಳಗಿನಿಂದ ಕಾಕಾ ಒಂದು ಕೀಲಿಯನ್ನೂ ಒತ್ತಿರಲಿಲ್ಲ. ಒಂದು ವಾಯರನ್ನೂ ಮುಟ್ಟಿರಲಿಲ್ಲ.

"ಮುಗೀತಲ್ರಿ?" ಎಂದರು. "ನಾ ಏನೂ ಮಾಡ್ಲಿಲ್ಲ ನೋಡ್ರಿ ಅಕ್ಕಾರ."

ನಾನು ಹೆಮ್ಮೆಯಿಂದ ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವರು ಚಪ್ಪಾಳೆ ತಟ್ಟುತ್ತಿಲ್ಲ, ಲೆಕ್ಕ ಒಪ್ಪಿಸುತ್ತಿದ್ದಾರೆ ಎಂದು ತಿಳಿಯಲು ನನಗೆ ಮನೆಗೆ ಹೋಗುವಷ್ಟು ಹೊತ್ತು ಬೇಕಾಯಿತು. ಅವರು ಅಲ್ಲಿ ಇರುವ ಅಗತ್ಯವೇ ಇರಲಿಲ್ಲ. ಹಿಂದಿನ ದಿನದ ಹನ್ನೆರಡರ ಬಸ್ಸಿಗೆ ಗೋಕಾಕಕ್ಕೆ ಹೋಗಿದ್ದರೆ ಹೊತ್ತಿರುವಾಗಲೇ ಕುಲಗೋಡ ಮುಟ್ಟುತ್ತಿದ್ದರು.

ಜೀಪು ಊರು ಸೇರುವಾಗ ತಾಯಿಗೆ ಉಸಿರಿತ್ತು, ಎಚ್ಚರವಿರಲಿಲ್ಲ. ಊರ ಹೆಂಗಸರು ಪಾಳಿಯ ಮೇಲೆ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದರಂತೆ. ತಾಯಿ ಹಿಂದಿನ ದಿನ ಸಂಜೆಯ ತನಕ ಮಾತಾಡಿದರು, ಆಮೇಲೆ ಇಲ್ಲ ಎಂದು ಅಣ್ಣ ಹೇಳಿದನಂತೆ. ಕಾಕಾ ಪಾದದ ಹತ್ತಿರ ಕುಳಿತು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಕೇಳಿಸಿತೋ ಇಲ್ಲವೋ ಯಾರು ಹೇಳಬೇಕು? ಮರುದಿನ ಮಧ್ಯಾಹ್ನ ಎಲ್ಲ ಮುಗಿಯಿತು. ಇಷ್ಟನ್ನೂ ನನಗೆ ಹೇಳಿದ್ದು ಜೀಪಿನ ಡ್ರೈವರ್. ಕಾಕಾ ಹನ್ನೆರಡು ದಿನ ಬಿಟ್ಟು ಕೆಲಸಕ್ಕೆ ಬಂದು, "ಏನರ ನಿಂತ್ವೇನ್ರಿ?" ಎಂದು ಎಂದಿನಂತೆ ಕೇಳಿ ಕುರ್ಚಿಯಲ್ಲಿ ಕುಳಿತರು. ಮಾರ್ಚಿಗೆ ನನ್ನ ನೌಕರಿ ಖಾಯಮಾಯಿತು. ಶಿಫಾರಸು ಬರೆದವರು ಅವರೇ.

ಭಾದ್ರಪದದಲ್ಲಿ ಅವರ ಹತ್ತು ದಿನಗಳ ಪರ್ವ ಮುಗಿದ ಮೇಲೆ ಕ್ಷಮಾವಾಣಿ ಎಂಬ ದಿನ ಬರುತ್ತದೆ. ಅಂದು ಕಾಕಾ ಕಸ ಹೊಡೆಯುವವಳಿಂದ ಮ್ಯಾನೇಜರರ ತನಕ ಪ್ರತಿಯೊಬ್ಬರ ಮುಂದೆ ಕೈಮುಗಿದು, "ಗೊತ್ತಿದ್ದೋ ಗೊತ್ತಿಲ್ದೋ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ" ಎನ್ನುತ್ತಿದ್ದರು. ನಾವು ಲಿಂಗಾಯತರಾದರೂ ಮೊದಲ ವರ್ಷಗಳಲ್ಲಿ ನಾನೂ ನಗುತ್ತ, "ನಂದೂ ಮಾಡ್ರಿ ಕಾಕಾ" ಎನ್ನುತ್ತಿದ್ದೆ. ಆ ವರ್ಷದಿಂದ ಅವರು ನನ್ನ ಮೇಜಿಗೆ ಎಲ್ಲರಿಗಿಂತ ಕೊನೆಗೆ ಬರತೊಡಗಿದರು. ಕೈಮುಗಿದು, ಮಾತು ಹೇಳಿ, ಹೋಗದೆ ನಿಂತಿರುತ್ತಿದ್ದರು. ತಪ್ಪು ಮಾಡಿದವಳು ನಾನು, ಕೈಮುಗಿಯುತ್ತಿರುವವರು ಅವರು. "ಬಿಡ್ರಿ ಕಾಕಾ," ಎಂದು ತೆರೆಯ ಕಡೆ ಮುಖ ತಿರುಗಿಸುತ್ತಿದ್ದೆ. ಹೀಗೇ ಕೆಲವು ವರ್ಷ ನಡೆದು ಅವರ ನಿವೃತ್ತಿಯೂ ಆಯಿತು.

ಹೊಟ್ಟೆಯ ರೋಗ ಹತ್ತಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು, ಒಂದು ಭಾನುವಾರ ಮಧ್ಯಾಹ್ನ ಹುಕ್ಕೇರಿಯ ಅವರ ಮನೆಗೆ ಹೋದೆ. ಬಹಳ ಇಳಿದುಹೋಗಿದ್ದರು. ಅವರ ಹೆಂಡತಿ ಚಹಾ ಇಟ್ಟು ಒಳಗೆ ಹೋದ ಮೇಲೆ ನಾನು ಹೇಳಿಬಿಟ್ಟೆ.

"ಕಾಕಾ, ಅವತ್ತ ಸಾಹೇಬ್ರ ಮುಂದ ನಾ ಸುಳ್ಳ ಹೇಳಿದೆ. ನನಗ ಎಲ್ಲಾ ಬರತಿತ್ತು."

"ಗೊತ್ತೈತ್ರಿ," ಎಂದರು. "ಐದನೇ ಸಲ ನಾನ ಹೇಳಿಸಿದ್ನಲ್ರಿ."

ಆಮೇಲೆ ಅವರೇ ಶುರು ಮಾಡಿದರು. "ನೀವು ಆಗೂದಿಲ್ಲ ಅಂದಾಗ ನನಗ ಸಿಟ್ಟ ಬರ್ಲಿಲ್ರಿ ಅಕ್ಕಾರ. ಹಗುರ ಅನಿಸ್ತು. ಆರ ವರ್ಷದ ಮ್ಯಾಲ ಆಕಿ ಮಾರಿ ಹೆಂಗ ನೋಡ್ಲಿ ಅಂತ ನಾ ಹೆದರಿದ್ದೆ. ನೀವೊಂದ ನೆವ ಕೊಟ್ರಿ, ಹಿಡಕೊಂಡೆ. ನಿಮಗ ಬರತೈತಿ, ನಾ ಹೋಗತೀನಿ ಅಂತ ಸಾಹೇಬ್ರಿಗೆ ಅಲ್ಲೇ ಹೇಳಬಹುದಿತ್ತು. ಜೀಪ್ ಅವತ್ತ ಕೇಳಿದ್ರೂ ಕೊಡತಿದ್ರು. ನಾನ ಕೇಳ್ಲಿಲ್ಲ. ನನ್ನ ಪಾಪ ನಿಮ್ಮ ತಲಿ ಮ್ಯಾಲ ಇಟ್ಟ ಇಷ್ಟ ವರ್ಷ ಸುಮ್ನ ಕುಂತೆ. ವರ್ಷಾ ವರ್ಷಾ ನಿಮ್ಮ ಟೇಬಲ್ಲಿಗೆ ಬರತಿದ್ದೆ, ಬಾಯಿ ಬಿಟ್ಟ ಹೇಳಾಕ ಆಗಲಿಲ್ಲ. ಈಗ ಹೇಳೇನಿ. ಕ್ಷಮಾ ಮಾಡ್ರಿ."

ಮಲಗಿದ್ದಲ್ಲೇ ಕೈ ಮುಗಿದರು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ವರ್ಷ ಒಬ್ಬ ತಾಯಿ ಮತ್ತು ಮಗನ ನಡುವೆ ನಾನು ಅಡ್ಡ ನಿಂತೆನೆಂದು ಒಳಗೊಳಗೇ ಬೆಂದಿದ್ದೆ. ಹಬ್ಬದ ದಿನ ಹೋಳಿಗೆ ತಟ್ಟುವಾಗಲೂ ಆ ಮುದುಕಿ ನೆನಪಾಗುತ್ತಿದ್ದಳು. ಒಂದೇ ಒಂದು ಮಾತು ಮೊದಲೇ ಹೇಳಿದ್ದರೆ ಅವರದೇನು ಗಂಟು ಹೋಗುತ್ತಿತ್ತು?

"ಚಾ ಆರಾಕತ್ತೈತಿ, ಕುಡೀರಿ ಕಾಕಾ," ಎಂದು ಎದ್ದು ಬಂದೆ.

ದಾರಿಯಲ್ಲೇ ಸಿಟ್ಟು ಅರ್ಧ ಇಳಿಯಿತು. ಪರ್ವ ಹೇಗೂ ಬರುತ್ತದೆ, ಕ್ಷಮಾವಾಣಿಯ ದಿನವೇ ಅವರ ಮನೆಗೆ ಹೋಗಿ ಬಾಯಿ ತುಂಬ ಹೇಳಿಬರೋಣ ಎಂದುಕೊಂಡೆ. ಆಷಾಢದಲ್ಲಿ ಒಂದು ಸೋಮವಾರ ಅವರ ಪಕ್ಕದ ಮನೆಯವರು ನನಗೆ ಫೋನು ಮಾಡಿ, ಕಾಕಾ ನಿಮ್ಮನ್ನು ಬಂದು ಹೋಗಲು ಹೇಳಿದ್ದಾರೆ ಎಂದರು. ಹೋದರೆ ಆ ಮಾತು ಹೇಳಲೇಬೇಕಾಗುತ್ತದೆ ಎಂದು ಮನಸ್ಸು ಹಿಂದಕ್ಕೆ ಎಳೆಯಿತು. ಮಂಗಳವಾರ ಹೋಗಲಿಲ್ಲ. ಬುಧವಾರವೂ ಹೋಗಲಿಲ್ಲ. ಗುರುವಾರ ಮುಂಜಾನೆ ಸುದ್ದಿ ಬಂತು.

ಅಂಗಳದ ತುಂಬ ಮಂದಿ. ಅವರ ಹೆಂಡತಿ ನನ್ನನ್ನು ಕಂಡು ಎದ್ದು ಬಂದು, ಎರಡೂ ಕೈ ಹಿಡಿದುಕೊಂಡು ಕೇಳಿದರು: "ಬಾಗಲ ಕಡೆನ ನೋಡಕೋತ ಮಲಗಿದ್ರರಿ ಅಕ್ಕಾರ. ಸೋಮವಾರ ಹೇಳಿ ಕಳಸಿದ್ವಲ್ಲ, ನಿಮಗ ಮುಟ್ಲಿಲ್ಲೇನ್ರಿ?"

"ಮುಟ್ಲಿಲ್ರಿ," ಎಂದೆ.